ಪಂಪಿಗೆ ಕೊಡ್ತಾರೆ, ಡ್ರಿಪ್‌ಗೆ ಯಾಕೆ ಕೊಡಲ್ಲ?

ಪ್ರಶ್ನೆ: ನಮ್ಮ ಅಕ್ಕನಿಗೆ 69 ವರ್ಷ, ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ, ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇದೆ. ಸಕ್ಕರೆ ಕಾಯಿಲೆಯ ಕಾಲು ಹುಣ್ಣು ಮೂಳೆಗೆ ಇಳಿದು ಆಸ್ಪತ್ರೆಯಲ್ಲಿದ್ದಾರೆ. ಇನ್ನು ಆರು ವಾರ ಆ್ಯಂಟಿಬಯಾಟಿಕ್ ಡ್ರಿಪ್ ಬೇಕಂತೆ. ಮನೆಯಲ್ಲಿ ಹಾಕಿಸಿಕೊಂಡರೆ ಮೆಡಿಕೇರ್ ಕೊಡಲ್ಲ ಅಂತ ಆಸ್ಪತ್ರೆಯವರು ಹೇಳ್ತಾರೆ, ಕೊಡುತ್ತೆ ಅಂತ ಭಾವ ಎಲ್ಲೋ ಓದಿದ್ದಾರೆ. ಯಾರನ್ನು ನಂಬೋದು?
— ಓದುಗರು, ಹಾಸನ

ಉತ್ತರ: ಇಬ್ಬರನ್ನೂ ನಂಬಿ, ಇಬ್ಬರೂ ಸರಿ. ನಮ್ಮ ಕಡೆ ಮನೆಗೆ ನರ್ಸ್ ಬಂದು, ಬಾಟಲಿಯನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಕಿಟಕಿ ಸರಳಿಗೆ ಕಟ್ಟಿ, ಹನಿ ಎಣಿಸಿ ಚಕ್ರ ತಿರುವಿ ಹೋಗ್ತಾರಲ್ವಾ, ಮೆಡಿಕೇರ್ ದುಡ್ಡು ಕೊಡದಿರುವುದು ಅದಕ್ಕೇ. ಅವರ ಪಾರ್ಟ್ ಬಿ, ಅಂದರೆ ಡಾಕ್ಟರ್ ಮತ್ತು ಹೊರರೋಗಿ ಚಿಕಿತ್ಸೆಯ ಖರ್ಚು ನೋಡುವ ಭಾಗ, ಮನೆಯ ಔಷಧಿಯನ್ನು ನೋಡುವುದು ಯಂತ್ರದ ಲೆಕ್ಕದಲ್ಲಿ. ಔಷಧಿಯನ್ನು ಅಳತೆಯಲ್ಲಿ ಮೈಗೆ ತಳ್ಳುವ ಪಂಪ್ ಇಲ್ಲದೆ ಕೊಡಲಾಗದ ಔಷಧಿಯಾದರೆ ಪಂಪಿನ ಜೊತೆ ಔಷಧಿಗೂ ಕೊಡುತ್ತದೆ. ಹೃದಯ ಸೋತವರಿಗೆ ಕೊಡುವ ಮಿಲ್ರಿನೋನ್, ಶ್ವಾಸಕೋಶದ ರಕ್ತದೊತ್ತಡಕ್ಕೆ ಟ್ರೆಪ್ರೋಸ್ಟಿನಿಲ್, ಕೆಲವು ಕ್ಯಾನ್ಸರ್ ಔಷಧಿ, ಹೀಗೆ ಒಂದು ಚಿಕ್ಕ ಪಟ್ಟಿ. ಮಾಮೂಲಿ ಆ್ಯಂಟಿಬಯಾಟಿಕ್‌ಗಳು ಹನಿಹನಿಯಾಗಿ ತಾವೇ ಇಳಿಯುತ್ತವೆ ಅಂತ ಬಹುತೇಕ ಪಟ್ಟಿಯಿಂದ ಹೊರಗೆ.

ಭಾವ ಓದಿರುವುದು 2021ರ ಜನವರಿಯಲ್ಲಿ ಶುರುವಾದ ಸೌಲಭ್ಯದ ಬಗ್ಗೆ ಇರಬೇಕು. ನರ್ಸ್ ಬರುವುದು, ಮನೆಯವರಿಗೆ ಕಲಿಸಿಕೊಡುವುದು, ದೂರದಿಂದ ಗಮನಿಸುವುದು, ಇದಕ್ಕೆಲ್ಲ ಆಗಿನಿಂದ ಕೊಡ್ತಾರೆ. ಆದರೆ ಅದೂ ಪಂಪಿನ ಔಷಧಿಗಳಿಗೆ ಮಾತ್ರ.

ಹಾಗಂತ ಅಕ್ಕನಿಗೆ ದಾರಿ ಇಲ್ಲ ಅಂತಲ್ಲ. ಔಷಧಿಗಳಿಗೆಂದೇ ಇರುವ ಪಾರ್ಟ್ ಡಿ ವಿಮೆ ಇದ್ದರೆ ಔಷಧಿಯ ಬೆಲೆ ಅಲ್ಲಿ ಸಿಗಬಹುದು, ನಳಿಕೆ, ಸಿರಿಂಜ್, ನರ್ಸ್ ಅದರಲ್ಲಿ ಬರುವುದಿಲ್ಲ. ಊರುಗೋಲೋ ಇನ್ನೊಬ್ಬರ ಆಸರೆಯೋ ಇಲ್ಲದೆ ಮನೆಯಿಂದ ಹೊರಬೀಳೋದು ಕಷ್ಟ ಅಂತ ಡಾಕ್ಟರ್ ಬರೆದುಕೊಟ್ಟರೆ ಹೋಮ್ ಹೆಲ್ತ್ ಅನ್ನುವ ಬೇರೆ ಸೌಲಭ್ಯದಲ್ಲಿ ನರ್ಸ್ ಬರ್ತಾರೆ, ಅವರಿಗೆ ನೀವು ಏನೂ ಕೊಡಬೇಕಿಲ್ಲ. ಅಕ್ಕನ ಕಾಲಿನ ಸ್ಥಿತಿ ನೋಡಿದರೆ ಇದನ್ನೇ ಮೊದಲು ಕೇಳಿ ಅಂತೀನಿ. ಅಪರೂಪಕ್ಕೆ ದೇವಸ್ಥಾನಕ್ಕೆ ಹೋಗಿಬಂದರೆ ಇದು ತಪ್ಪಿಹೋಗುವುದಿಲ್ಲ, ಹೆದರಬೇಡಿ. ದಿನಾ ಇನ್‌ಫ್ಯೂಷನ್ ಸೆಂಟರ್‌ಗೆ, ಅಂದರೆ ಡ್ರಿಪ್ ಹಾಕುವ ಕೇಂದ್ರಕ್ಕೆ, ಹೋಗಿಬರುವುದಾದರೆ ಪಾರ್ಟ್ ಬಿ ಕೊಡುತ್ತದೆ. ವರ್ಷದ ಖರ್ಚಿನಲ್ಲಿ ಮೊದಲ ಒಂದಿಷ್ಟು ಮೊತ್ತ ನೀವೇ ಕೊಡಬೇಕು, 2025ರಲ್ಲಿ ಅದು 257 ಡಾಲರ್ ಇತ್ತು, ಅದಾದ ಮೇಲಿನ ಖರ್ಚಿನಲ್ಲಿ ನಿಮ್ಮ ಪಾಲು ಶೇ 20.

ಕೊನೆಯದು ನರ್ಸಿಂಗ್ ಕೇಂದ್ರ, ಆಸ್ಪತ್ರೆಯಿಂದ ಬಿಟ್ಟ ಮೇಲೆ ನರ್ಸ್‌ಗಳ ಆರೈಕೆಯಲ್ಲಿ ಉಳಿಯುವ ಜಾಗ. ಆಸ್ಪತ್ರೆಯಲ್ಲಿ ಮೂರು ದಿನ ಒಳರೋಗಿಯಾಗಿದ್ದರೆ ಅಲ್ಲಿನ ಮೊದಲ 20 ದಿನಕ್ಕೆ ಪೂರ್ತಿ ಅವರೇ ಕೊಡ್ತಾರೆ. ಮನೆಯಲ್ಲಿ ಕಡಿಮೆಗೆ ಆಗುವ ಕೆಲಸಕ್ಕೆ ಕೊಡಲ್ಲ, ದುಬಾರಿ ಹಾಸಿಗೆಗೆ ಕೊಡ್ತಾರೆ, ಯಾವ ನ್ಯಾಯವೋ! ಒಂದು ಎಚ್ಚರ: ಒಳರೋಗಿಯಾಗಿ ಸೇರಿಸಿಕೊಳ್ಳದೆ ಬರೀ ನಿಗಾದಲ್ಲಿಟ್ಟು 'ಅಬ್ಸರ್ವೇಷನ್' ಅಂತ ಬರೆದಿಟ್ಟ ದಿನಗಳು ಆ ಮೂರರಲ್ಲಿ ಸೇರುವುದಿಲ್ಲ. ಡಿಸ್ಚಾರ್ಜ್‌ಗೆ ಮೊದಲೇ ಭಾವ ಇದನ್ನು ಕೇಳಿಕೊಳ್ಳಲಿ. ಇದೆಲ್ಲ ಮೂಲ ಮೆಡಿಕೇರ್‌ನ ಕಥೆ. ಅವರದು ಖಾಸಗಿ ಕಂಪನಿಯ ಅಡ್ವಾಂಟೇಜ್ ಪ್ಲಾನ್ ಆಗಿದ್ದರೆ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಲಿ, ಕೆಲವರು ಮನೆಯ ಡ್ರಿಪ್‌ಗೂ ಕೊಡ್ತಾರೆ, ಆದರೆ ಸಾಮಾನ್ಯವಾಗಿ ಮುಂಚೆ ಅನುಮತಿ ಬೇಕು.

ಪ್ರಶ್ನೆ: ಅಪ್ಪನಿಗೆ ಹುಟ್ಟಿನಿಂದ ರೋಗನಿರೋಧಕ ಶಕ್ತಿ ಕಡಿಮೆ. ಅಮೆರಿಕದಲ್ಲಿ ಮನೆಯಲ್ಲೇ ಇಮ್ಯುನೊಗ್ಲಾಬ್ಯುಲಿನ್ (ಸೋಂಕು ತಡೆಯುವ ಪ್ರತಿಕಾಯಗಳ ಔಷಧಿ) ಹಾಕ್ತಿದ್ದರು, ಮೆಡಿಕೇರ್ ಕೊಡ್ತಿತ್ತು. ಈಗ ಊರಿಗೆ ಬಂದುಬಿಡ್ತೀನಿ ಅಂತಿದ್ದಾರೆ. ಇಲ್ಲಿಯ ಬಿಲ್ ಕಳಿಸಿದರೆ ಆಗುತ್ತಾ?
— ಓದುಗರು, ಚಿಕ್ಕಮಗಳೂರು

ಉತ್ತರ: ಇಲ್ಲ. ಆ ಕಾಯಿಲೆಗೆ ಮನೆಯಲ್ಲಿ ರಕ್ತನಾಳಕ್ಕೆ ಹಾಕುವ ಸೇವೆಯನ್ನು 2024ರಿಂದ ಅಲ್ಲಿ ಕಾಯಂ ಮಾಡಿದ್ದಾರೆ, ನಿಜ. ಆದರೆ ಅಮೆರಿಕದ ಹೊರಗಿನ ಚಿಕಿತ್ಸೆಗೆ ಮೆಡಿಕೇರ್ ಕೊಡುವುದು ತೀರಾ ಅಪರೂಪ, ಇದು ಅದರಲ್ಲಿ ಸೇರಲ್ಲ. ಸುಮ್ನೆ ಬಿಲ್ ಕೂಡಿಟ್ಟು ಕಾಯಬೇಡಿ. ಇಲ್ಲಿ ಉಪಯೋಗವಿಲ್ಲ ಅಂತ ಪಾರ್ಟ್ ಬಿ ಬಿಟ್ಟುಬಿಡುವ ಮೊದಲು ಅಪ್ಪ ವಾಪಸ್ ಹೋಗ್ತಾರಾ ಅಂತ ಕೇಳಿಕೊಳ್ಳಿ. ಮತ್ತೆ ಸೇರುವಾಗ ಬಿಟ್ಟ ಪ್ರತಿ ಪೂರ್ತಿ 12 ತಿಂಗಳಿಗೆ ತಿಂಗಳ ಕಂತು ಸಾಮಾನ್ಯವಾಗಿ ಶೇ 10 ಜಾಸ್ತಿಯಾಗುತ್ತದೆ, ಅದು ಕೊನೆವರೆಗೂ ಇಳಿಯುವುದಿಲ್ಲ.

ಇನ್ನೊಂದು. ಈ ಔಷಧಿಗಳಲ್ಲಿ ಹೆಚ್ಚಿನವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರ್‌ನಲ್ಲಲ್ಲ. ಆಷಾಢದ ಮಳೆಗೆ ನಿಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತೋ ನಿಮಗೇ ಗೊತ್ತು. ಫ್ರಿಜ್ಜಿಗೆ ಸಾಕಾಗುವ ಇನ್ವರ್ಟರ್ ಮೊದಲು ನೋಡಿ, ಅಪ್ಪನ ಟಿಕೆಟ್ ಆಮೇಲೆ.