ದುಬಾರಿ ಸೇಫ್ಟಿ ರೇಜರ್ ಕೊಂಡರೆ ಮುಖಕ್ಕೆ ಗಾಯವಾಗುವುದಿಲ್ಲವೇ?

ಆಗುತ್ತದೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಮದುಮಗನ ಎಡಗೆನ್ನೆ ಕಾಣುವ ಒಂದು ಫೋಟೊ ಸಹ ಇಲ್ಲ.

ಕಾರ್ಟ್ರಿಜ್ (ಹಲವು ಅಲಗುಗಳ ತಲೆಯನ್ನೇ ಬದಲಿಸುವ ರೇಜರ್) ಬಿಟ್ಟು ಬ್ರಷ್, ಸೋಪು, ಒಂಟಿ ಬ್ಲೇಡು ಹಾಕುವ ಸೇಫ್ಟಿ ರೇಜರ್ ಹಿಡಿಯುವ ಮನಸ್ಸಾಗಿದೆ, ಜರ್ಮನ್ ರೇಜರ್ ತರಿಸಲೇ ಎಂದು ಕೇಳಿದ್ದೀರಿ. ನಾನೂ ಹೀಗೇ ಯೋಚಿಸಿ ದುಬಾರಿಯದನ್ನೇ ತರಿಸಿದ್ದೆ. ಅದು ವಿಜಯಪುರದ ನಮ್ಮ ಮನೆಗೆ ಬಂದು ಮುಟ್ಟಿದ್ದು ಅರಿಶಿನ ಹಚ್ಚುವ ದಿನವೇ. ಮನೆ ತುಂಬ ಬೀಗರು, ಬಚ್ಚಲಿಗೆ ಪಾಳಿ, ಹೊರಗೆ ಕಾಕಾ ಬಾಗಿಲು ಬಡಿಯುತ್ತಿದ್ದರು. ಆಗಲೇ ನಾನು ಅದನ್ನು ಪ್ರಯೋಗಿಸಲು ನಿಂತೆ.

ಮಾಡಿದ ತಪ್ಪು ಒಂದೇ: ಒತ್ತಿದೆ. ಇದನ್ನು ಬಿಡಿಸಿ ಹೇಳಲೇಬೇಕು. ಕಾರ್ಟ್ರಿಜ್‌ನ ತಲೆ ಆಡುತ್ತದೆ. ಹೇಗೆ ಹಿಡಿದರೂ ಕೆನ್ನೆಯ ಉಬ್ಬುತಗ್ಗಿಗೆ ತಾನೇ ಬಾಗುತ್ತದೆ, ಕೈಯ ಭಾರ ಮೂರೋ ಐದೋ ಅಲಗುಗಳಿಗೆ ಹಂಚಿಹೋಗುತ್ತದೆ. ಸೇಫ್ಟಿ ರೇಜರಿನ ತಲೆ ಕದಲುವುದಿಲ್ಲ. ಚರ್ಮಕ್ಕೆ ತಾಗುವುದು ಒಂದೇ ಅಲಗು. ಅಲಗಿಗೂ ಚರ್ಮಕ್ಕೂ ನಡುವಿನ ಸುಮಾರು 30 ಡಿಗ್ರಿ ಕೋನವನ್ನು ನಿಮ್ಮ ಮಣಿಕಟ್ಟೇ ಕಾಯ್ದುಕೊಳ್ಳಬೇಕು. ಕೂದಲು ಕತ್ತರಿಸಲು ಆ ಲೋಹದ ಭಾರವೇ ಸಾಕು. ಅದರ ಮೇಲೆ ಕೈಯ ಭಾರವನ್ನೂ ಹಾಕಿದರೆ ಕೂದಲಿನ ಜೊತೆ ಚರ್ಮವೂ ಬರುತ್ತದೆ. ಇದೆಲ್ಲ ನನಗೆ ಗೊತ್ತಿತ್ತು, ರಾತ್ರಿಯೆಲ್ಲ ವಿಡಿಯೊ ನೋಡಿದ್ದೆ. ಆದರೆ ಹತ್ತು ವರ್ಷ ಒತ್ತಿ ಎಳೆದ ಕೈಗೆ ಗೊತ್ತಿರಲಿಲ್ಲ. ಎಡಗೆನ್ನೆಯಲ್ಲಿ ಎರಡು ಕೂದಲು ಉಳಿದಂತೆ ಅನ್ನಿಸಿತು. ಹಳೆಯ ಚಾಳಿಯಂತೆ ಅಮುಕಿ, ಕೆಳಗಿನಿಂದ ಮೇಲಕ್ಕೆ ಎಳೆದೆ. ಮೂರು ಗೀರು ಬಿದ್ದವು. ಅರ್ಧ ಗಂಟೆಯ ನಂತರ ಅತ್ತಿಗೆಯರು ಅದರ ಮೇಲೆಯೇ ಅರಿಶಿನ ಮೆತ್ತಿದರು.

ಆದ್ದರಿಂದ ಯಾವ ರೇಜರ್ ಎಂಬುದು ಪ್ರಶ್ನೆಯೇ ಅಲ್ಲ. ಅಂಗಡಿಯಲ್ಲಿ ಸಿಗುವ ಸಾದಾ ಸೇಫ್ಟಿ ರೇಜರ್ ತನ್ನಿ. ಹಿಡಿಕೆಯ ತುದಿಯನ್ನು ಮೂರು ಬೆರಳಿನಲ್ಲಿ ಹಿಡಿಯಿರಿ. ಹಾಗೆ ಹಿಡಿದರೆ ಒತ್ತಬೇಕೆಂದರೂ ಆಗುವುದಿಲ್ಲ. ಒಂದು ತಿಂಗಳು ಕೂದಲು ಮಲಗಿದ ದಿಕ್ಕಿಗೆ ಮಾತ್ರ ಎಳೆಯಿರಿ. ಕುತ್ತಿಗೆಯಲ್ಲಿ ಆ ದಿಕ್ಕು ಬೇರೆಯೇ ಇರಬಹುದು, ಸವರಿ ನೋಡಿ. ನನ್ನವು ಕಿವಿಯ ಕಡೆಗೆ ಅಡ್ಡ ಮಲಗಿವೆ. ಕೊನೆಗೆ ಒದ್ದೆ ಮುಖಕ್ಕೆ ಪಟಿಕದ ಕಲ್ಲು ತಿಕ್ಕಿ. ಎಲ್ಲಿ ಚುರುಗುಟ್ಟುತ್ತದೆಯೋ ಅಲ್ಲಿ ಒತ್ತಿದ್ದೀರಿ ಎಂದು ಲೆಕ್ಕ.

ಹಣ ಉಳಿಯುತ್ತದೆ ಎಂದೂ ಬರೆದಿದ್ದೀರಿ. ಬ್ಲೇಡು ಅಗ್ಗ, ನಿಜ. ಆದರೆ ನನ್ನ ಮಾಡದಲ್ಲಿ ಈಗ ನಾಲ್ಕು ಬ್ರಷ್, ಏಳು ಸೋಪು ಇವೆ.

ಯಾರೂ ಹೇಳದ ಮಾತು ನೀರಿನದು. ನಮ್ಮ ಬೋರ್‌ವೆಲ್ ನೀರು ಗಡಸು, ಬಕೆಟ್ಟಿಗೆ ಬಿಳಿ ಪೊರೆ ಕಟ್ಟುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಸೋಪನ್ನು ನೊರೆಯಾಗಲು ಬಿಡದೆ ಗಸಿಯಾಗಿಸುತ್ತದೆ. ಬ್ರಷ್ ಎಷ್ಟು ತಿರುವಿದರೂ ಜಾರು ಬರುವುದಿಲ್ಲ, ರೇಜರ್ ತಡೆಯುತ್ತದೆ, ಕೈ ತಾನಾಗಿ ಒತ್ತುತ್ತದೆ. ಆ ದಿನ ನನಗೆ ಆದದ್ದು ಇದೂ ಹೌದು. ಈಗ ಓಣಿಯ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನಿಂದ ಒಂದು ಲೋಟ ನೀರು ಬಗ್ಗಿಸಿ, ಕಾಯಿಸಿ, ಬ್ರಷ್ ನೆನೆಸುತ್ತೇನೆ. ಕುಡಿಯುವ ನೀರಿನಲ್ಲಿ ದಾಡಿ ಮಾಡಿಕೊಳ್ಳುತ್ತಾನೆ ಎಂದು ಅವ್ವ ಇಂದಿಗೂ ಬೈಯುತ್ತಾಳೆ.