ಥಮ್ಸ್ ಅಪ್ ನಮ್ಮ ದೇಶದ್ದಾ ಇಲ್ಲಾ ಕೋಕಾ ಕೋಲಾದ್ದಾ?

ಹುಟ್ಟಿದ್ದು ಇಲ್ಲೇ, ಈಗ ಓನರ್ ಮಾತ್ರ ಕೋಕಾ ಕೋಲಾ.

1977ರಲ್ಲಿ ಜನತಾ ಸರ್ಕಾರ ಬಂದಾಗ ಇಂಡಸ್ಟ್ರಿ ಮಿನಿಸ್ಟರ್ ಆಗಿದ್ದವ್ರು ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ಅವ್ರು ಫೆರಾ (ವಿದೇಶಿ ಹಣ, ವಿದೇಶಿ ಕಂಪನಿಗಳ ಮೇಲೆ ಹಿಡಿತ ಇಡೋ) ಕಾನೂನು ಹಿಡ್ಕೊಂಡು, ಇಲ್ಲಿನ ಕಂಪನಿಯಲ್ಲಿ ವಿದೇಶಿ ಪಾಲು 40%ಗೆ ಇಳಿಸಿ, ಫಾರ್ಮುಲಾನೂ ಇಲ್ಲಿಗೆ ಕೊಡಿ ಅಂತ ಪಟ್ಟು ಹಿಡಿದ್ರು, ಕೋಕ್‌ನವ್ರು ಒಪ್ಪದೆ ಗಂಟುಮೂಟೆ ಕಟ್ಕೊಂಡು ಹೊರಟೇ ಹೋದ್ರು. ಆ ಖಾಲಿ ಜಾಗಕ್ಕೆ ಸರ್ಕಾರನೇ 'ಡಬಲ್ ಸೆವೆನ್' ಅಂತ ಒಂದು ಕೋಲಾ ತಂತು (ಸರ್ಕಾರಿ ಕೋಲಾ ನೋಡಿ, ಓಡ್ಲಿಲ್ಲ!). ಲಿಮ್ಕಾ, ಗೋಲ್ಡ್ ಸ್ಪಾಟ್ ಮಾಡ್ತಿದ್ದ ಪಾರ್ಲೆಯ ಚೌಹಾಣ್ ಬ್ರದರ್ಸ್ ಅದೇ ವರ್ಷ ಥಮ್ಸ್ ಅಪ್ ಬಿಟ್ರು, ಸ್ಟ್ರಾಂಗ್ ಟೇಸ್ಟು, ಜನಕ್ಕೆ ಹಿಡಿಸ್ತು.

1990ರಲ್ಲಿ ಪೆಪ್ಸಿ ಬಂತು, 1993ರಲ್ಲಿ ಕೋಕ್ ವಾಪಸ್ ಬಂತು, ಅಷ್ಟು ದುಡ್ಡಿರೋರ ಮುಂದೆ ಎಷ್ಟು ದಿನ ಅಂತ ಗುದ್ದಾಡೋದು, ರಮೇಶ್ ಚೌಹಾಣ್ ಥಮ್ಸ್ ಅಪ್, ಲಿಮ್ಕಾ, ಮಾಜಾ, ಗೋಲ್ಡ್ ಸ್ಪಾಟ್ ಎಲ್ಲಾ ಸುಮಾರು 6 ಕೋಟಿ ಡಾಲರ್‌ಗೆ ಕೋಕ್‌ಗೇ ಮಾರಿಬಿಟ್ರು. ನನ್ ಪ್ರಕಾರ ತುಂಬಾ ಕಮ್ಮಿ ರೇಟು. ಯಾಕಂದ್ರೆ ಗೋಲ್ಡ್ ಸ್ಪಾಟ್ ನಿಂತೋಯ್ತು ಆದ್ರೆ ಥಮ್ಸ್ ಅಪ್ 2021ರಲ್ಲಿ ವರ್ಷಕ್ಕೆ 100 ಕೋಟಿ ಡಾಲರ್ ಸೇಲ್ಸ್ ಇರೋ ಬ್ರ್ಯಾಂಡ್ ಆಯ್ತು. ಚೌಹಾಣ್ ಹತ್ರ ಬಿಸ್ಲೆರಿ ನೀರು ಉಳ್ಕೊಂತು, ಅದೂ ಚೆನ್ನಾಗೇ ಓಡ್ತು ಅನ್ನಿ.