ಆಪರೇಷನ್ ವಿಷಯ ಅಮ್ಮನಿಗೆ ಹೇಳಬೇಕೆ, ಮುಚ್ಚಿಡಬೇಕೆ?

ಜಗಳೂರು ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಅವರ ತಾಯಿಗೆ 58 ವರ್ಷ, ಪಿತ್ತಕೋಶದಲ್ಲಿ ಕಲ್ಲು. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ) ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಹೆದರುತ್ತಾರೆಂದು ಮನೆಯವರು ‘ಒಂದು ಟೆಸ್ಟ್ ಇದೆ’ ಎಂದಷ್ಟೇ ಹೇಳಿ ಕರೆತಂದರು. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸುವಾಗ ವಿಷಯ ಹೊರಬಿತ್ತು. ತಾಳಿ, ಕೊರಳಲ್ಲಿದ್ದ ಲಿಂಗದ ಕರಡಿಗೆ ತೆಗೆಸಿದಾಗ ತಾಯಿ ಅತ್ತುಬಿಟ್ಟರು. ಬಿ.ಪಿ. 190/112. ಆಪರೇಷನ್ ಮುಂದಕ್ಕೆ ಹೋಯಿತು. ಈಗ “ನಾ ಒಳಗೆ ಹೋದ್ರೆ ಎದ್ದು ಬರಲ್ಲ” ಎಂದು ಹಟ ಹಿಡಿದಿದ್ದಾರೆ. ಮುಂದಿನ ಸಲವೂ ಹೇಳದೆ ಕರೆದೊಯ್ಯಬೇಕೆ, ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತಂದು ಕೊಡಬಹುದೆ ಎಂದು ಮಗ ಕೇಳಿದ್ದಾರೆ.

ಎರಡೂ ಬೇಡ. ತಾಯಿಯವರಿಗೆ ಎಲ್ಲವನ್ನೂ ಹೇಳಿ, ಈಗಲೇ ಹೇಳಿ. ಸಹಿ ಮಾಡಬೇಕಾದವರು ಅವರೇ. ಸುಳ್ಳು ಹೇಳಿ ಕರೆತಂದದ್ದು ಗೊತ್ತಾದ ಮೇಲೆ “ಏನೂ ಆಗಲ್ಲ ಬಿಡಮ್ಮ” ಎಂಬ ಮಾತನ್ನು ಅವರು ಹೇಗೆ ನಂಬಬೇಕು?

ಮೊದಲು ಬಿ.ಪಿ. ವಿಚಾರ. ಗಾಬರಿಯಾದಾಗ ಅಡ್ರಿನಲಿನ್ ಏರುತ್ತದೆ, ನಾಡಿ ಓಡುತ್ತದೆ, ರಕ್ತನಾಳ ಬಿಗಿಯುತ್ತದೆ. ತುರ್ತಲ್ಲದ ಆಪರೇಷನ್‌ನಲ್ಲಿ 180/110 ದಾಟಿದರೆ ಮುಂದೂಡುವುದು ವಾಡಿಕೆ, ಆ ವೈದ್ಯರು ಮಾಡಿದ್ದು ಸರಿ. ಆದರೆ ನಿಮ್ಮ ಪತ್ರದಲ್ಲೇ ಇನ್ನೊಂದು ಕಾರಣವಿದೆ: “ಏನೂ ಬಾಯಿಗೆ ಹಾಕಬೇಡಿ ಅಂದಿದ್ದರು, ಅದಕ್ಕೇ ಬಿ.ಪಿ. ಮಾತ್ರೆಯನ್ನೂ ಕೊಡಲಿಲ್ಲ.” ಇದು ಬಹಳ ಮನೆಗಳಲ್ಲಿ ಆಗುವ ಎಡವಟ್ಟು. ಆಮ್ಲೊಡಿಪಿನ್, ಅಟೆನಲಾಲ್‌ನಂಥ ಮಾತ್ರೆಗಳನ್ನು ಸಾಮಾನ್ಯವಾಗಿ ಅಂದು ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ಕೊಡಲು ಹೇಳುತ್ತಾರೆ. ಟೆಲ್ಮಿಸಾರ್ಟನ್, ಲೋಸಾರ್ಟನ್ ಆದರೆ ಹಲವರು ಆ ದಿನ ನಿಲ್ಲಿಸಿ ಎನ್ನುತ್ತಾರೆ, ಅರವಳಿಕೆ ಕೊಟ್ಟ ಮೇಲೆ ಬಿ.ಪಿ. ಕುಸಿಯಬಹುದೆಂದು. ಆದ್ದರಿಂದ ಮಾತ್ರೆಯ ಶೀಟನ್ನೇ ಅರವಳಿಕೆ ತಜ್ಞರ ಮುಂದಿಟ್ಟು ‘ಇದು ಕೊಡಲೆ, ಬೇಡವೆ’ ಎಂದು ಒಂದೊಂದಕ್ಕೂ ಕೇಳಿ ಬರೆದುಕೊಳ್ಳಿ. ಸಕ್ಕರೆ ಕಾಯಿಲೆ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ, ತಂಬಾಕು, ಯಾವುದನ್ನೂ ಮುಚ್ಚಿಡಬೇಡಿ. ಈಗಿನಿಂದಲೇ ಒಂದು ವಾರ ಬೆಳಿಗ್ಗೆ, ಸಂಜೆ ಮನೆಯಲ್ಲೇ ಐದು ನಿಮಿಷ ಕೂರಿಸಿ ಬಿ.ಪಿ. ನೋಡಿ, ಒಂದು ಪುಸ್ತಕದಲ್ಲಿ ಗುರುತು ಹಾಕಿ. ಮನೆಯಲ್ಲಿ 140ರ ಆಸುಪಾಸಿದ್ದು ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಮಾತ್ರ ಏರುತ್ತದೆ ಎಂಬುದು ಆ ಪುಸ್ತಕ ನೋಡಿದರೆ ವೈದ್ಯರಿಗೆ ತಿಳಿಯುತ್ತದೆ.

ಉಪವಾಸವೂ ಅತಿಯಾಗಿದೆ. ಹಿಂದಿನ ರಾತ್ರಿ ಎಂಟಕ್ಕೆ ಉಂಡವರನ್ನು ಮರುದಿನ ಮಧ್ಯಾಹ್ನದವರೆಗೆ ನೀರೂ ಇಲ್ಲದೆ ಇಟ್ಟರೆ, ಬೆಳಗಿನ ಚಹಾ ತಪ್ಪಿದ ತಲೆನೋವು, ಬಾಯಾರಿಕೆ, ಸುಸ್ತು ಎಲ್ಲ ಸೇರಿ ಭಯ ಇಮ್ಮಡಿಸುತ್ತದೆ. ಸಾಮಾನ್ಯ ನಿಯಮ ಇಷ್ಟು: ಬೋಂಡ, ಮಿರ್ಚಿ, ಬೆಣ್ಣೆ ದೋಸೆಯಂಥ ಕರಿದ, ಜಿಡ್ಡಿನ ತಿಂಡಿಗೆ 8 ಗಂಟೆ, ಇಡ್ಲಿಯಂಥ ಹಗುರ ಆಹಾರಕ್ಕೂ ಹಾಲಿಗೂ 6 ಗಂಟೆ, ಬರೀ ನೀರಿಗೆ 2 ಗಂಟೆ. ಹಾಲು ಹಾಕಿದ ಚಹಾ ಹಾಲಿನ ಲೆಕ್ಕಕ್ಕೇ ಸೇರುತ್ತದೆ. ನಿಮ್ಮ ಆಸ್ಪತ್ರೆ ಬೇರೆ ಹೇಳಿದರೆ ಅದನ್ನೇ ಪಾಲಿಸಿ, ಆದರೆ ‘ನೀರು ಎಷ್ಟು ಗಂಟೆವರೆಗೆ’ ಎಂದು ಕೇಳಲು ಸಂಕೋಚ ಬೇಡ.

ಇನ್ನು ಭಯ. ‘ಹೆದರಬೇಡ’ ಎಂದರೆ ಅದು ಹೋಗುವುದಿಲ್ಲ. ಯಾವುದರ ಭಯ ಎಂದು ಮೊದಲು ತಿಳಿಯಬೇಕು. 1996ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಇದಕ್ಕೆಂದೇ ಆರು ಪ್ರಶ್ನೆಗಳ ಅಳತೆಪಟ್ಟಿ ಪ್ರಕಟಿಸಿದರು. ಮನೆಯಲ್ಲೂ ಕೇಳಬಹುದು: ಅರವಳಿಕೆಯ ಬಗ್ಗೆ ಚಿಂತೆ ಇದೆಯೆ? ಸದಾ ಅದೇ ತಲೆಯಲ್ಲಿದೆಯೆ? ಅದರ ಬಗ್ಗೆ ಆದಷ್ಟೂ ತಿಳಿಯುವ ಆಸೆಯೆ? ಆಪರೇಷನ್ ಬಗ್ಗೆಯೂ ಇವೇ ಮೂರು. ‘ಸ್ವಲ್ಪವೂ ಇಲ್ಲ’ ಎಂದರೆ 1, ‘ತುಂಬಾ’ ಎಂದರೆ 5. ಚಿಂತೆಯ ನಾಲ್ಕು ಪ್ರಶ್ನೆಗಳ ಮೊತ್ತ 11 ಅಥವಾ ಹೆಚ್ಚಾದರೆ ಅರವಳಿಕೆ ತಜ್ಞರಿಗೆ ತಿಳಿಸಿ. ಆರರಲ್ಲಿ ಎರಡು ಪ್ರಶ್ನೆ ‘ತಿಳಿಯುವ ಆಸೆ’ಯವು ಎಂಬುದನ್ನು ಗಮನಿಸಿ. ಕೆಲವರಿಗೆ ವಿವರ ಬೇಕು, ಕೆಲವರಿಗೆ ಬೇಡ. ಬೇಡವೆಂದವರಿಗೆ ತುರುಕಬೇಡಿ.

ತಾಯಿಯವರ ಭಯ ಅರವಳಿಕೆಯದ್ದು. ‘ಪಕ್ಕದ ಮನೆಯಾಕೆಗೆ ಮಧ್ಯದಲ್ಲಿ ಎಚ್ಚರ ಇತ್ತಂತೆ, ಎಲ್ಲ ಕೇಳಿಸ್ತಂತೆ’ ಎಂಬುದು ಅವರ ಮಾತು. ಆಕೆಗೆ ಆಗಿದ್ದು ಸಿಸೇರಿಯನ್ ಎಂದೂ ನೀವೇ ಬರೆದಿದ್ದೀರಿ. ಬಹುಪಾಲು ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ, ಎದೆಯಿಂದ ಕೆಳಗೆ ಮಾತ್ರ ಮರಗಟ್ಟುತ್ತದೆ, ಎಚ್ಚರ ಇರಲೇಬೇಕು. ತಾಯಿಯವರಿಗೆ ಕೊಡುವುದು ಪೂರ್ಣ ಅರವಳಿಕೆ. ಅದರಲ್ಲಿ ನಡುವೆ ಎಚ್ಚರವಾಗುವುದು ಬಲು ಅಪರೂಪ: 2014ರಲ್ಲಿ ಪ್ರಕಟವಾದ ಬ್ರಿಟನ್–ಐರ್ಲೆಂಡ್ ಸಮೀಕ್ಷೆಯಲ್ಲಿ ಸುಮಾರು 19,000 ಜನರಲ್ಲಿ ಒಬ್ಬರು ಅಂಥ ಅನುಭವ ಹೇಳಿಕೊಂಡಿದ್ದರು.

ಒಳಗೆ ನಡೆಯುವುದನ್ನು ಹೀಗೆ ಹೇಳಿ. ಥಿಯೇಟರ್ ತಣ್ಣಗಿರುತ್ತದೆ, ನಡುಕ ಬಂದರೆ ಹೊದಿಕೆ ಕೇಳಬಹುದು. ಎದೆಗೆ ಸ್ಟಿಕ್ಕರ್, ಬೆರಳಿಗೆ ಕ್ಲಿಪ್, ತೋಳಿಗೆ ಆಗಾಗ ಬಿಗಿಯುವ ಪಟ್ಟಿ. ಮೂಗು ಬಾಯಿಗೆ ಮಾಸ್ಕ್ ಇಟ್ಟು ಕೆಲ ನಿಮಿಷ ಆಮ್ಲಜನಕ ಕೊಡುತ್ತಾರೆ. ಉಸಿರು ಕಟ್ಟಿಸಲು ಅಲ್ಲ, ತುಂಬಲು. ಕೈಯ ಸೂಜಿಯಲ್ಲಿ ಬಿಳಿ ಔಷಧಿ ಹೋಗುವಾಗ ಕೆಲ ಸೆಕೆಂಡು ಉರಿಯಬಹುದು, ನಿಮಿಷದೊಳಗೆ ನಿದ್ದೆ. ಗಂಟಲಿಗೆ ನಳಿಗೆ ಹಾಕುವುದು ಆಮೇಲೆ. ಅರವಳಿಕೆ ತಜ್ಞರು ಆಪರೇಷನ್ ಮುಗಿಯುವವರೆಗೂ ಪಕ್ಕದಲ್ಲೇ ಇದ್ದು ನಾಡಿ, ಉಸಿರು ನೋಡುತ್ತಾರೆ. ಎದ್ದ ಮೇಲೆ ಗಂಟಲು ಕೆರೆತ, ವಾಕರಿಕೆ, ಆಪರೇಷನ್ ವೇಳೆ ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಎರಡು ಮೂರು ದಿನ ಭುಜದ ನೋವು ಬರಬಹುದು. ಇದನ್ನು ಮೊದಲೇ ಹೇಳದಿದ್ದರೆ ಭುಜ ನೋವು ಬಂದ ಕೂಡಲೇ ‘ಹಾರ್ಟ್ ಅಟ್ಯಾಕ್’ ಎಂದು ಇಡೀ ಮನೆ ಗಾಬರಿ ಬೀಳುತ್ತದೆ.

ತಾಳಿ ಮತ್ತು ಲಿಂಗದ ವಿಷಯವನ್ನು ಸಣ್ಣದೆಂದು ಯಾರೂ ತಳ್ಳಿಹಾಕಬಾರದು. ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹ ಇದ್ದರೆ ಸುಡುವ ಅಪಾಯ. ಹಾಗಾಗಿ ತೆಗೆಸುತ್ತಾರೆ. ಆದರೆ ಅಪರಿಚಿತರು ಅವಸರದಲ್ಲಿ ಬಿಚ್ಚುವುದು ಬೇರೆ, ಬೆಳಿಗ್ಗೆ ಪೂಜೆ ಮುಗಿಸಿ ತಾವೇ ತೆಗೆದು ಸೊಸೆಯ ಕೈಗೆ ಕೊಡುವುದು ಬೇರೆ. ತಾಳಿಗೆ ಬದಲು ಅರಿಸಿನ ಕೊಂಬು ಕಟ್ಟಿದ ದಾರ ಆದೀತು. ಬೆಳ್ಳಿ ಕರಡಿಗೆ ಬಿಟ್ಟು ಲಿಂಗವನ್ನಷ್ಟೇ ಬಟ್ಟೆಯಲ್ಲಿ ಸುತ್ತಿ, ಸೂಜಿ ಹಾಗೂ ಬಿ.ಪಿ. ಪಟ್ಟಿ ಇಲ್ಲದ ಕಡೆ ಕಟ್ಟಬಹುದೆ ಎಂದು ಹಿಂದಿನ ದಿನವೇ ಕೇಳಿ. ಆಗದು ಎಂದರೆ ಯಾರ ಬಳಿ ಇರುತ್ತದೆ ಎಂದಾದರೂ ಅವರಿಗೆ ಗೊತ್ತಿರಲಿ. ಅಮಾವಾಸ್ಯೆ ಬೇಡ ಎಂದರೆ ದಿನ ಗೊತ್ತು ಮಾಡುವಾಗಲೇ ಹೇಳಿಬಿಡಿ. ತುರ್ತಲ್ಲದ ಆಪರೇಷನ್ ಎರಡು ದಿನ ಆಚೀಚೆ ಆದರೆ ನಷ್ಟವಿಲ್ಲ.

ನಿದ್ದೆ ಮಾತ್ರೆ ನೀವಾಗಿ ಕೊಡಬೇಡಿ. ಅರವಳಿಕೆ ಔಷಧಿಯೊಂದಿಗೆ ಸೇರಿದರೆ ಉಸಿರಾಟ ಕುಗ್ಗಬಹುದು, ವಯಸ್ಸಾದವರಿಗೆ ಮಂಕು ಹಿಡಿದು ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ಬೇಕಿದ್ದರೆ ಹಿಂದಿನ ರಾತ್ರಿಗೆ ವೈದ್ಯರೇ ಬರೆಯುತ್ತಾರೆ. ಥಿಯೇಟರಿನಲ್ಲೂ ಸೂಜಿಯ ಮೂಲಕ ಮಂಪರಿನ ಔಷಧಿ ಕೊಡುವುದುಂಟು. ಕೇಳಿ ನೋಡಿ. ಮನೆಯಲ್ಲಿ ಮಾಡುವುದಿದ್ದರೆ ಉಸಿರಿನ ಅಭ್ಯಾಸ: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ದಿನಕ್ಕೆ ಎರಡು ಸಲ ಹತ್ತು ನಿಮಿಷ. ವಾರ ಮೊದಲೇ ಶುರುಮಾಡಿ, ಸ್ಟ್ರೆಚರ್ ಮೇಲೆ ಮಲಗಿಸಿ ಹೇಳಿಕೊಟ್ಟರೆ ಬರುವುದಿಲ್ಲ. ಇಷ್ಟದ ವಚನವೋ ಭಜನೆಯೋ ಕಿವಿಗೆ ಹಾಕಿಕೊಳ್ಳಲಿ, ಸಂಗೀತದಿಂದ ಆಪರೇಷನ್ ಮುಂಚಿನ ಆತಂಕ ತಗ್ಗುತ್ತದೆಂದು ಅಧ್ಯಯನಗಳೂ ಹೇಳುತ್ತವೆ. ಹಿಂದಿನ ಸಂಜೆ ಹರಿಹರ, ಚಳ್ಳಕೆರೆಯಿಂದೆಲ್ಲ ನೆಂಟರು ಬಂದು ಮಂಚದ ಸುತ್ತ ಕಣ್ಣೀರು ಹಾಕುವುದನ್ನು ನೀವು ತಡೆಯಲೇಬೇಕು. ತಾಯಿ ಆರಿಸಿದ ಒಬ್ಬರು ಜೊತೆಗಿರಲಿ.

ಈ ನಡುವೆ ಹೊಟ್ಟೆನೋವಿನ ಜೊತೆ ಜ್ವರ, ನಿಲ್ಲದ ವಾಂತಿ ಅಥವಾ ಕಣ್ಣು ಹಳದಿಯಾದರೆ ದಿನ ಕಾಯಬೇಡಿ, ಅಂದೇ ದಾವಣಗೆರೆಗೆ ಕರೆತನ್ನಿ. ರಾತ್ರಿಗಳು ನಿದ್ದೆಯಿಲ್ಲದೆ ಕಳೆಯುತ್ತಿದ್ದರೆ, ಸಾವಿನ ಮಾತೇ ಬಾಯಲ್ಲಿದ್ದರೆ ಮನೋವೈದ್ಯರಿಗೂ ತೋರಿಸಿ. ಅಲ್ಲಿಯವರೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

– ಸಂಪಾದಕರು